ಹಳೆಯ ಸ್ಪೀಕರಿಗೆ ಹೊಸ ಹಾಡು

ಇತ್ತೀಚೆಗೆ ಬಳ್ಳಾರಿಯ ಕೌಲ್ ಬಜಾರಿನಲ್ಲಿ ಪರಿಚಯದವರ ಮನೆಗೆ ಹೋಗಿದ್ದೆ. ನಡುಮನೆಯ ಗೂಡಿನಲ್ಲಿ ಒಂದು ಹಳೆಯ ಆಂಪ್ಲಿಫೈಯರ್, ಅದರ ಎರಡು ಪಕ್ಕಕ್ಕೆ ಮರದ ಪೆಟ್ಟಿಗೆಯ ಎರಡು ಸ್ಪೀಕರುಗಳು, ಮೇಲೊಂದು ಕ್ಯಾಸೆಟ್ ಡೆಕ್ಕು. ಅದಕ್ಕೆ ಹೊದಿಸಿದ್ದ ಕಸೂತಿ ಬಟ್ಟೆಯ ಮೇಲೆ ಬೆರಳಿನಿಂದ ಹೆಸರು ಬರೆಯುವಷ್ಟು ಧೂಳು. ಪಿ.ಯು.ಸಿ. ಓದುವ ಆ ಮನೆಯ ಹುಡುಗ ತಾತನನ್ನು ಕೇಳುತ್ತಿದ್ದ: "ತಾತಾ, ಇದನ್ನೆಲ್ಲ ಗುಜರಿಗೆ ಹಾಕಿ ಒಂದು ಬ್ಲೂಟೂತ್ ಸ್ಪೀಕರ್ ತರೋಣೇನು?"

ತಾತ ಸಿಟ್ಟಾಗಲಿಲ್ಲ. "ಹಾಕೋಣಪ್ಪ. ಅದಕ್ಕೂ ಮುಂಚೆ ಒಂದು ಹೇಳು. ನಮ್ಮ ಮನೆ ಮದುವ್ಯಾಗೆ ನಿಮ್ಮಜ್ಜಿ ಹಾಡಿದ ಸೋಬಾನೆ ಪದ ಈ ಕ್ಯಾಸೆಟ್ಟಿನಾಗೆ ಐತಿ. ಅದನ್ನ ಎಲ್ಲಿ ಇಡ್ತೀ?" ಎಂದರು.

ಅಜ್ಜಿ ಈಗಿಲ್ಲ. ಹುಡುಗ ಸುಮ್ಮನಾದ, ನನ್ನ ಕಡೆ ನೋಡಿದ. ಅವನಿಗೆ ಅಂದು ನಾನು ಹೇಳಿದ್ದನ್ನೇ ಇಂದು ನಿಮ್ಮೆಲ್ಲರಿಗೂ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲನೆಯ ಮಾತು, ಹಳೆಯ ಆಂಪ್ಲಿಫೈಯರು, ಸ್ಪೀಕರುಗಳು ಚೆನ್ನಾಗಿದ್ದರೆ ಅವನ್ನು ಎಸೆಯಬೇಡಿ. ಹಾಡು ಮನೆಗೆ ಬರುವ ದಾರಿ ಮಾತ್ರ ಬದಲಾಗಿದೆ. ಮೊದಲು ತಟ್ಟೆಯಲ್ಲಿ ಬರುತ್ತಿತ್ತು, ಆಮೇಲೆ ಕ್ಯಾಸೆಟ್ಟಿನಲ್ಲಿ, ಆಮೇಲೆ ಸಿ.ಡಿ.ಯಲ್ಲಿ, ಈಗ ಅಂತರಜಾಲದಲ್ಲಿ ಹರಿದುಬರುತ್ತದೆ. ಹಾಗೆ ಹರಿದುಬಂದ ಹಾಡನ್ನು ಹಿಡಿದು ಆಂಪ್ಲಿಫೈಯರಿಗೆ ಕೊಡುವ ಪುಟ್ಟ ಪೆಟ್ಟಿಗೆಗೆ 'ಸ್ಟ್ರೀಮರ್' ಎಂದು ಹೆಸರು. ಹಲವು ಸಲ ಅದು ಅಂಗೈಯಷ್ಟೇ ಇರುತ್ತದೆ. ಅದಕ್ಕೆ ಸ್ಪೀಕರ್ ಇಲ್ಲ, ಬಹಳ ಸಲ ಪರದೆಯೂ ಇಲ್ಲ.

ಅದು ಮಾಡುವ ಕೆಲಸ ಎರಡು. ಒಂದು, ವೈಫೈ ಮೂಲಕವೋ ತಂತಿಯ ಮೂಲಕವೋ ಹಾಡಿನ ಅಂಕಿಗಳನ್ನು ತರಿಸಿಕೊಳ್ಳುವುದು. ಎರಡು, ಆ ಅಂಕಿಗಳನ್ನು ಮತ್ತೆ ವಿದ್ಯುತ್ತಿನ ಅಲೆಯಾಗಿ ಮಾಡುವುದು. ಈ ಎರಡನೆಯ ಕೆಲಸ ಮಾಡುವ ಭಾಗಕ್ಕೆ 'ಡ್ಯಾಕ್' ಎನ್ನುತ್ತಾರೆ. ಅಂಕಿ ಎಂದೆನಲ್ಲ, ಅದೇನೆಂದು ನೋಡೋಣ. ನಮ್ಮ ಕಿವಿಗೆ ಕೇಳುವುದು ಸೆಕೆಂಡಿಗೆ ಸುಮಾರು 20ರಿಂದ 20,000 ಕಂಪನಗಳವರೆಗಿನ ಶಬ್ದ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯಲ್ಲಿ ಧ್ವನಿಯ ಅಲೆಯನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿ ಅಳತೆಯನ್ನೂ 16 ಬಿಟ್ಟುಗಳಲ್ಲಿ ಬರೆದಿಡುತ್ತಾರೆ. ಎಡಕ್ಕೊಂದು, ಬಲಕ್ಕೊಂದು ಎಂದು ಎರಡು ಧ್ವನಿ. ಗುಣಿಸಿ ನೋಡಿ: 44,100 × 16 × 2. ಸೆಕೆಂಡಿಗೆ 14,11,200 ಬಿಟ್ಟು. ಗಂಟೆಗೆ ಸುಮಾರು 635 ಎಂ.ಬಿ.

ಇಷ್ಟನ್ನು ಸಾಗಿಸುವುದು ಭಾರವೆಂದು ಅದನ್ನು ಕುಗ್ಗಿಸುತ್ತಾರೆ. ಒಳ್ಳೆಯ ಎಂಪಿ3ಯಲ್ಲಿ ಸೆಕೆಂಡಿಗೆ 3,20,000 ಬಿಟ್ಟು, ಅಂದರೆ ಗಂಟೆಗೆ 144 ಎಂ.ಬಿ. ಹೀಗೆ ಕುಗ್ಗಿಸುವಾಗ ಕಿವಿ ಗಮನಿಸಲಾರದೆಂದು ಭಾವಿಸಿದ ಭಾಗವನ್ನು ಬಿಟ್ಟುಬಿಡುತ್ತಾರೆ. ಏನನ್ನೂ ಬಿಡದೆ ಕುಗ್ಗಿಸುವ ಕ್ರಮವೂ ಇದೆ. ಅದರ ಹೆಸರು 'ಫ್ಲ್ಯಾಕ್'. 2001ರಿಂದ ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಕ್ರಮವಿದು. ಹಾಸಿಗೆಯನ್ನು ಸುತ್ತಿ ಕಟ್ಟಿ, ಊರಿಗೆ ಹೋಗಿ ಮತ್ತೆ ಬಿಚ್ಚಿದಂತೆ. ಹತ್ತಿ ಒಂದು ಎಳೆಯೂ ಕಡಿಮೆಯಾಗುವುದಿಲ್ಲ. ದಿನಕ್ಕೆ ಒಂದೂವರೆ ಜಿ.ಬಿ. ಸಿಗುವ ಫೋನಿನ ಇಂಟರ್ನೆಟ್ಟಿನಿಂದಲೇ ಮನೆಯವರೆಲ್ಲ ಕೇಳಬೇಕೆಂದರೆ ಈ ಲೆಕ್ಕ ನಿಮಗೆ ತಿಳಿದಿರಲೇಬೇಕು.

"ಇದೆಲ್ಲ ಯಾಕೆ ಸಾರ್, ಫೋನಿನಿಂದ ಬ್ಲೂಟೂತ್ ಹಚ್ಚಿದರೆ ಆಯಿತಲ್ಲ?" ಎಂದು ಹುಡುಗ ಕೇಳಿದ. ಸರಿಯಾದ ಪ್ರಶ್ನೆ. ಬ್ಲೂಟೂತಿನಲ್ಲಿ ಫೋನೇ ಹಾಡನ್ನು ಹೊತ್ತು ತರಬೇಕು. ಕರೆ ಬಂದರೆ ಹಾಡು ನಿಂತಿತು. ಫೋನು ಹಿಡಿದು ನೀವು ಅಂಗಡಿಗೆ ಹೊರಟರೆ ಹಾಡೂ ನಿಮ್ಮ ಹಿಂದೆ ಹೊರಟಿತು. ವೈಫೈ ಸ್ಟ್ರೀಮರಿನಲ್ಲಿ ಹಾಗಲ್ಲ. ಇಂಥ ಹಾಡು ಬೇಕೆಂದು ಫೋನು ಒಂದು ಚೀಟಿ ಕೊಡುತ್ತದೆ, ಅಷ್ಟೆ. ಮೂಟೆ ಹೊರುವುದು ಪೆಟ್ಟಿಗೆಯ ಕೆಲಸ. ಬ್ಲೂಟೂತ್ ತಪ್ಪೆಂದು ನಾನು ಹೇಳುವುದಿಲ್ಲ. ಕೋಣೆಯಲ್ಲಿ ಒಬ್ಬರೇ ಕೇಳುವುದಾದರೆ ಅದೇ ಸಾಕು. ಮನೆಮಂದಿಯೆಲ್ಲ ಕೇಳುವ ನಡುಮನೆಗೆ ಸ್ಟ್ರೀಮರ್ ಹೊಂದುತ್ತದೆ.

ಮಿತ್ರರೇ, ಈಗ ಮುಖ್ಯ ವಿಷಯಕ್ಕೆ ಬರೋಣ. ಹಳೆಯ ಕಂದಾಯದ ಕಾಗದಗಳಲ್ಲಿ 'ಕೌಲು' ಎಂಬ ಮಾತು ಬರುತ್ತದೆ. ಇಷ್ಟು ವರ್ಷ ಉಳುಮೆ ಮಾಡಿಕೋ, ಇಷ್ಟು ಕೊಡು ಎಂಬ ಕರಾರಿಗೆ ಆ ಹೆಸರು. ಕೌಲಿನ ಭೂಮಿಯಲ್ಲಿ ಬೆಳೆ ನಿಮ್ಮದು, ಭೂಮಿ ನಿಮ್ಮದಲ್ಲ. ತಿಂಗಳ ಚಂದಾ ಕಟ್ಟಿ ಅಂತರಜಾಲದಲ್ಲಿ ಕೇಳುವ ಹಾಡೂ ಹೀಗೆಯೇ ಒಂದು ಕೌಲು. ಲಕ್ಷಾಂತರ ಹಾಡುಗಳು ಕೈಗೆ ಸಿಗುತ್ತವೆ, ಒಂದೂ ನಿಮ್ಮದಾಗುವುದಿಲ್ಲ. ಚಂದಾ ನಿಂತರೆ ಹಾಡು ನಿಂತಿತು. ಹಾಡಿನ ಹಕ್ಕುದಾರರಿಗೂ ಕಂಪನಿಗೂ ಒಪ್ಪಂದ ಮುರಿದರೆ, ನೀವು ಚಂದಾ ಕಟ್ಟಿದ್ದರೂ ನಿನ್ನೆ ಇದ್ದ ಹಾಡು ಇಂದು ಪಟ್ಟಿಯಲ್ಲಿ ಕಾಣದು.

ಕೌಲು ಕೆಟ್ಟದ್ದಲ್ಲ, ಎಲ್ಲವನ್ನೂ ಕೊಂಡುಕೊಳ್ಳುವ ಶಕ್ತಿ ಯಾರಿಗಿದೆ? ಆದರೆ ಕೌಲಿನ ಹೊಲದ ಪಕ್ಕದಲ್ಲಿ ಸ್ವಂತದ್ದೊಂದು ಹಿತ್ತಿಲೂ ಇರಬೇಕು. ಅಜ್ಜಿಯ ಸೋಬಾನೆ ಪದ ಯಾವ ಕಂಪನಿಯ ಪಟ್ಟಿಯಲ್ಲಿದೆ? ನಮ್ಮ ಸೀಮೆಯನ್ನೇ ನೋಡಿ. ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮನವರು ಬುರ್ರಕಥೆಯ ದೊಡ್ಡ ಕಲಾವಿದೆ. ಅಕ್ಷರ ಕಲಿಯದೆ ದೊಡ್ಡ ದೊಡ್ಡ ಕಾವ್ಯಗಳನ್ನು ನೆನಪಿನಲ್ಲೇ ಇಟ್ಟುಕೊಂಡಿದ್ದವರು, 2014ರಲ್ಲಿ ತೀರಿಕೊಂಡರು. ರಂಗಗೀತೆಗಳಿಗೆ ಹೆಸರಾದ ಬಳ್ಳಾರಿಯ ಸುಭದ್ರಮ್ಮ ಮನ್ಸೂರು 2020ರಲ್ಲಿ ತೀರಿಕೊಂಡರು. ಇಂಥ ಹೆಸರಾಂತರ ಧ್ವನಿಯನ್ನು ಯಾರಾದರೂ ಹಿಡಿದಿಟ್ಟಿರುತ್ತಾರೆ. ಆದರೆ ನಮ್ಮ ಓಣಿಯ ಭಜನೆಯವರು, ಮೊಹರಮ್ಮಿನ ರಿವಾಯತು ಪದ ಹಾಡುವವರು, ಮದುವೆಯ ಮನೆಯ ಹೆಂಗಸರು, ಇವರ ಧ್ವನಿ ಉಳಿದಿದ್ದರೆ ಯಾರದೋ ಮನೆಯ ಕ್ಯಾಸೆಟ್ಟಿನಲ್ಲಿ ಮಾತ್ರ ಉಳಿದಿರುತ್ತದೆ.

ಆದ್ದರಿಂದ ಸ್ಟ್ರೀಮರ್ ಕೊಳ್ಳುವಾಗ ಕೇಳಬೇಕಾದ ಮೊದಲನೆಯ ಪ್ರಶ್ನೆ ಇದು: "ನನ್ನ ಸ್ವಂತ ಹಾಡುಗಳನ್ನು ಇದು ನುಡಿಸುತ್ತದೆಯೇ?" ಪೆನ್‌ಡ್ರೈವ್ ಚುಚ್ಚಲು ಜಾಗವಿರಬೇಕು, ಇಲ್ಲವೇ ಮನೆಯ ಕಂಪ್ಯೂಟರಿನಲ್ಲಿರುವ ಹಾಡನ್ನು ಮನೆಯ ವೈಫೈ ಮೂಲಕವೇ ಎಳೆದುಕೊಳ್ಳಬೇಕು. ಇದಕ್ಕೆ 'ಡಿಎಲ್ಎನ್ಎ' ಅಥವಾ 'ಯುಪಿಎನ್‌ಪಿ' ಎಂಬ ಸಾಮಾನ್ಯ ಕ್ರಮಗಳಿವೆ. ಡಬ್ಬಿಯ ಮೇಲೆ ಆ ಹೆಸರು ಇದೆಯೇ ನೋಡಿ.

ಎರಡನೆಯ ಪ್ರಶ್ನೆ: "ನಾಳೆ ಕಂಪನಿ ಕೈಬಿಟ್ಟರೆ ಇದರ ಗತಿ ಏನು?" ಇದಕ್ಕೆ ಎರಡು ನಿಜ ಸಂಗತಿಗಳನ್ನು ಹೇಳುತ್ತೇನೆ. ಗೂಗಲ್ ಕಂಪನಿ 2015ರಲ್ಲಿ 'ಕ್ರೋಮ್‌ಕಾಸ್ಟ್ ಆಡಿಯೋ' ಎಂಬ ಅಗ್ಗದ, ಸೊಗಸಾದ ಪುಟ್ಟ ಬಿಲ್ಲೆಯೊಂದನ್ನು ತಂದಿತು. 2019ರ ಹೊತ್ತಿಗೆ ಅದರ ತಯಾರಿಕೆಯನ್ನು ನಿಲ್ಲಿಸಿತು. ಕೊಂಡವರ ಮನೆಯಲ್ಲಿ ಅದು ಹಾಡುತ್ತಲೇ ಇತ್ತು. 2025ರ ಮಾರ್ಚಿನಲ್ಲಿ ಒಂದು ದಿನ ಇದ್ದಕ್ಕಿದ್ದಂತೆ ಲೋಕದ ಎಲ್ಲೆಡೆ ಅವು ಕೈಕೊಟ್ಟವು. ಯಂತ್ರ ಕೆಟ್ಟಿರಲಿಲ್ಲ, ಅದು ಅಸಲಿ ಎಂದು ಸಾಕ್ಷಿ ಹೇಳುವ ಒಳಗಿನ ಪ್ರಮಾಣಪತ್ರದ ಅವಧಿ ಮುಗಿದಿತ್ತು. ಕೆಲವು ದಿನಗಳಲ್ಲಿ ಕಂಪನಿ ಅದನ್ನು ಸರಿಪಡಿಸಿತು. ಸರಿಪಡಿಸದಿದ್ದರೆ?

ಇನ್ನೊಂದು, 2003ರಲ್ಲಿ ಬಂದ 'ಸ್ಕ್ವೀಜ್‌ಬಾಕ್ಸ್'. ಇದು ಈ ಬಗೆಯ ಯಂತ್ರಗಳಲ್ಲಿ ಹಿರಿಯಣ್ಣ. 2006ರಲ್ಲಿ ಲಾಜಿಟೆಕ್ ಕಂಪನಿ ಇದನ್ನು ಕೊಂಡಿತು, 2012ರಲ್ಲಿ ಕೈಬಿಟ್ಟಿತು, 2024ರಲ್ಲಿ ಇದಕ್ಕೆಂದು ನಡೆಸುತ್ತಿದ್ದ ಅಂತರಜಾಲ ಸೇವೆಯನ್ನೂ ಮುಚ್ಚಿತು. ಆದರೂ ಆ ಪೆಟ್ಟಿಗೆಗಳು ಇಂದಿಗೂ ಹಾಡುತ್ತಿವೆ! ಏಕೆಂದರೆ ಅವನ್ನು ನಡೆಸುವ ತಂತ್ರಾಂಶವನ್ನು ಎಲ್ಲರೂ ನೋಡಿ ತಿದ್ದಬಹುದಾದ ರೀತಿಯಲ್ಲಿ ತೆರೆದಿಟ್ಟಿದ್ದರು. ಕೇಳುಗರೇ ಸೇರಿ 'ಲಿರಿಯನ್' ಎಂಬ ಹೆಸರಿನಲ್ಲಿ ಅದನ್ನು ಮುಂದುವರಿಸಿದ್ದಾರೆ. ಬೀಗದ ಕೈ ಒಬ್ಬರ ಹತ್ತಿರ ಮಾತ್ರ ಇದ್ದರೆ ಏನಾಗುತ್ತದೆ, ಹಲವರ ಹತ್ತಿರ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಈ ಎರಡು ಉದಾಹರಣೆ ಸಾಕು.

ಮೂರನೆಯ ಪ್ರಶ್ನೆ: "ಇದು ನನ್ನ ಆಂಪ್ಲಿಫೈಯರಿಗೆ ಹೊಂದುತ್ತದೆಯೇ?" ಆಂಪ್ಲಿಫೈಯರಿನ ಹಿಂಭಾಗವನ್ನು ಟಾರ್ಚು ಹಿಡಿದು ನೋಡಿ. ಕೆಂಪು, ಬಿಳಿ ಬಣ್ಣದ ಜೋಡಿ ತೂತುಗಳ ಮೇಲೆ 'ಆಕ್ಸ್' ಎಂದೋ 'ಟೇಪ್ ಇನ್' ಎಂದೋ ಬರೆದಿದ್ದರೆ ಅಲ್ಲಿಗೆ ಜೋಡಿಸಿ. ಕೆಲವು ಹಳೆಯ ಸೆಟ್ಟುಗಳಲ್ಲಿ ಐದು ಕಾಲಿನ ದುಂಡು ಸಾಕೆಟ್ಟಿರುತ್ತದೆ. ಅದಕ್ಕೆ ಹೊಂದುವ ತಂತಿಯನ್ನು ರೇಡಿಯೋ ರಿಪೇರಿಯವರಿಂದ ಮಾಡಿಸಿಕೊಳ್ಳಬಹುದು. 'ಫೋನೋ' ಎಂದು ಬರೆದಲ್ಲಿ ಮಾತ್ರ ಜೋಡಿಸಬೇಡಿ. ಅದು ತಟ್ಟೆಯ ಮುಳ್ಳಿನಿಂದ ಬರುವ ಸುಮಾರು 5 ಮಿಲಿವೋಲ್ಟಿನ ಬಡಪಾಯಿ ಸಂಕೇತಕ್ಕೆ ಮಾಡಿದ ಜಾಗ. ಸ್ಟ್ರೀಮರಿನಿಂದ ಬರುವುದು 2 ವೋಲ್ಟಿನವರೆಗೆ, ಅಂದರೆ 400 ಪಟ್ಟು. ಹಾಡು ಒಡೆದು ಕರ್ಕಶವಾಗುತ್ತದೆ, ಸ್ಪೀಕರಿಗೂ ಅಪಾಯ.

ನಾಲ್ಕನೆಯ ಪ್ರಶ್ನೆ: "ಮನೆಯಲ್ಲಿ ಇದು ತಾಳುತ್ತದೆಯೇ?" ನಮ್ಮ ಕಡೆಯ ಹಳೆಯ ಮನೆಗಳ ಕಲ್ಲಿನ ಗೋಡೆ ದಪ್ಪ. ವೈಫೈಯಲ್ಲಿ 5 ಗಿಗಾಹರ್ಟ್ಸಿನ ಅಲೆ ವೇಗದ್ದಾದರೂ ಗೋಡೆ ದಾಟುವುದರಲ್ಲಿ ಸೋಲುತ್ತದೆ, 2.4ರ ಅಲೆ ಹೆಚ್ಚು ದೂರ ಹೋಗುತ್ತದೆ. ಹಾಡಿಗೆ ಅಷ್ಟು ವೇಗ ಬೇಕಿಲ್ಲ. ತಂತಿ ಎಳೆಯಲು ಸಾಧ್ಯವಿದ್ದರೆ ಇನ್ನೂ ಒಳ್ಳೆಯದು. ಬೇಸಗೆಯಲ್ಲಿ ಬಳ್ಳಾರಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಪೆಟ್ಟಿಗೆಯನ್ನು ಕಾದ ಆಂಪ್ಲಿಫೈಯರಿನ ತಲೆಯ ಮೇಲೆ ಇಡದೆ ಪಕ್ಕದಲ್ಲಿಡಿ. ಕಸೂತಿ ಬಟ್ಟೆಯನ್ನು ತೆಗೆದುಬಿಡಿ.

ಹಾಗಾದರೆ ಇಂದೇ ಹೋಗಿ ಕೊಳ್ಳಬೇಕೇ? ಬೇಡ. ಮೊದಲು ಮನೆಯಲ್ಲಿ ಬಿದ್ದಿರುವ, ಇಯರ್‌ಫೋನಿನ ತೂತಿರುವ ಹಳೆಯ ಫೋನನ್ನು ಹುಡುಕಿ. ಅದಕ್ಕೆ ಒಂದು ತಂತಿ ಹಾಕಿ ಆಂಪ್ಲಿಫೈಯರಿನ 'ಆಕ್ಸ್'ಗೆ ಜೋಡಿಸಿ, ಒಂದು ತಿಂಗಳು ಕೇಳಿ. ತಂತಿಯ ಖರ್ಚಿನಲ್ಲಿ ನಿಮ್ಮ ಮನೆಗೊಂದು ಸ್ಟ್ರೀಮರ್ ಬಂದಂತಾಯಿತು! ಆಕಾಶವಾಣಿಯ ಹಲವು ಕೇಂದ್ರಗಳು ಈಗ ಅಂತರಜಾಲದಲ್ಲಿಯೂ ಉಚಿತವಾಗಿ ಸಿಗುತ್ತವೆ, ಅಲ್ಲಿಂದಲೇ ಶುರುಮಾಡಿ. ತಿಂಗಳಾದ ಮೇಲೂ ಮನೆಯವರು ನಿಜವಾಗಿ ಕೇಳುತ್ತಿದ್ದರೆ, ಆಗ ಹಣ ಖರ್ಚು ಮಾಡಿ.

ಕೈಯಿಂದ ಮಾಡುವ ಆಸೆಯುಳ್ಳವರಿಗೆ ಇನ್ನೊಂದು ದಾರಿಯಿದೆ. 2012ರಲ್ಲಿ ಬಂದ 'ರಾಸ್‌ಬೆರಿ ಪೈ' ಎಂಬ ಪುಟ್ಟ ಕಂಪ್ಯೂಟರನ್ನು ವಿದ್ಯಾರ್ಥಿಗಳು ಕಲಿಯಲೆಂದೇ ಮಾಡಿದರು. ಅದರ ಮೇಲೊಂದು ಡ್ಯಾಕ್ ಹಲಗೆ ಕೂರಿಸಿ, ಉಚಿತವಾಗಿ ಸಿಗುವ ತಂತ್ರಾಂಶ ಹಾಕಿದರೆ ಒಳ್ಳೆಯ ಸ್ಟ್ರೀಮರ್ ಸಿದ್ಧ. ಒಂದು ಎಚ್ಚರಿಕೆ: ಕರೆಂಟು ದಿಢೀರನೆ ಹೋದರೆ ಅದರ ಮೆಮೊರಿ ಕಾರ್ಡು ಹಾಳಾಗಬಹುದು. ಕಾರ್ಡಿನ ನಕಲೊಂದನ್ನು ತೆಗೆದಿಟ್ಟುಕೊಳ್ಳಿ. ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೂ ಇದು ಆದೀತು.

ಕೊನೆಗೆ ಕ್ಯಾಸೆಟ್ಟಿನ ಮಾತು. ಡೆಕ್ಕಿನ 'ಲೈನ್ ಔಟ್'ನಿಂದ ಕಂಪ್ಯೂಟರಿಗೆ ತಂತಿ ಎಳೆದು, 'ಆಡಾಸಿಟಿ'ಯಂಥ ಉಚಿತ ತಂತ್ರಾಂಶದಲ್ಲಿ ಧ್ವನಿಮುದ್ರಿಸಿ ಫ್ಲ್ಯಾಕ್ ರೂಪದಲ್ಲಿ ಉಳಿಸಿ. ಕುಗ್ಗಿಸದೆ ಇಟ್ಟರೂ 32 ಜಿ.ಬಿ.ಯ ಪೆನ್‌ಡ್ರೈವಿನಲ್ಲಿ ಸುಮಾರು 50 ಗಂಟೆ ಹಿಡಿಯುತ್ತದೆ. ಟೇಪಿಗೆ ವಯಸ್ಸಾಗಿರುತ್ತದೆ, ಮತ್ತೆ ಮತ್ತೆ ಓಡಿಸಬೇಡಿ, ಮೊದಲ ಸಲವೇ ಮುದ್ರಿಸಿಕೊಳ್ಳಿ. ನಕಲು ಎರಡಿರಲಿ, ಒಂದು ಬೇರೆ ಮನೆಯಲ್ಲಿರಲಿ. ಯಾರು ಹಾಡಿದ್ದು, ಯಾವ ಊರು, ಯಾವ ಸಂದರ್ಭ ಎಂದು ಹಿರಿಯರನ್ನು ಕೇಳಿ ಈಗಲೇ ಬರೆದಿಡಿ. ಹಾಡಿದವರ ಅಥವಾ ಅವರ ಮನೆಯವರ ಒಪ್ಪಿಗೆಯಿಲ್ಲದೆ ಅಂತರಜಾಲಕ್ಕೆ ಏರಿಸಬೇಡಿ.

ಆ ಹುಡುಗ ಹಾಗೆಯೇ ಮಾಡಿದ. ಡೆಕ್ಕಿನ ರಬ್ಬರು ಪಟ್ಟಿ ಸಡಿಲವಾಗಿತ್ತು; ಬದಲಾಯಿಸಿಸಿದ. ಭಾನುವಾರ ಸಂಜೆ ನನ್ನನ್ನೂ ಕರೆದಿದ್ದ. ಹಳೆಯ ಫೋನು, ಒಂದು ತಂತಿ, ಅದೇ ಮರದ ಸ್ಪೀಕರುಗಳು. ಮೊದಲು ಕೊಂಚ ಸರಸರ ಸದ್ದು, ಎಲ್ಲೋ ಪಾತ್ರೆಯ ಸದ್ದು, ಮಗುವೊಂದರ ಅಳು. ಅದರ ನಡುವಿನಿಂದ ಅಜ್ಜಿಯ ಧ್ವನಿ. ತಾತ ಕಣ್ಣು ಮುಚ್ಚಿ ಕುಳಿತಿದ್ದರು. ಪದ ಮುಗಿದ ಮೇಲೆ ಅವರು ಹೇಳಿದ್ದು ಇಷ್ಟೇ: "ಆ ಅಳೋ ಕೂಸು ನಿಮ್ಮಪ್ಪ ಕಣೋ."

ನಿಮ್ಮ ಮನೆಯ ಅಟ್ಟದ ಮೇಲೂ ಇಂಥ ಡಬ್ಬಿಯೊಂದು ಇರಬಹುದು. ಸ್ಟ್ರೀಮರ್ ಕೊಳ್ಳುವ ಮೊದಲು ಅಲ್ಲಿ ಒಮ್ಮೆ ಹುಡುಕಿ ನೋಡಿ.