ಕಲ್ಲು ಹಾಸುವ ಮೊದಲು



ಎರಡು ವರ್ಷದ ಬೋನಸ್ ಕೂಡಿಟ್ಟು ನನ್ನ ಮನೆಗೆ ಕಡಪ ಕಲ್ಲು ಹಾಸಿಸಿದೆ. ಮಳೆ ಬಂದೀತೆಂಬ ಅವಸರದಲ್ಲಿ ಕಾಂಕ್ರೀಟಿನ ಧೂಳು, ಎಣ್ಣೆಜಿಡ್ಡು ತೆಗೆಯಲಿಲ್ಲ. ಮರುವರ್ಷವೇ ಕಲ್ಲುಗಳು ಟೊಳ್ಳು ಸದ್ದು ಮಾಡಿ ಎದ್ದವು.

ನೀವು ಹಾಗೆ ಮಾಡಬೇಡಿರಿ. ಹೊಸ ಕಾಂಕ್ರೀಟಾದರೆ 28 ದಿನ ಬಲಿಯಲಿ. ಜಿಡ್ಡನ್ನು ಸೋಪುನೀರಿನಿಂದ ಉಜ್ಜಿ ತೆಗೆಯಿರಿ. ನುಣುಪು ಮೈಗೆ ಉಳಿಯಿಂದ ಕಚ್ಚು ಹೊಡೆದು, ಗುಡಿಸಿ, ತೊಳೆಯಿರಿ. ಒಣಗಿದ ಮೇಲೆ ನೀರು ಚಿಮುಕಿಸಿ ನೋಡಿರಿ: ನೆಲ ಹೀರಿದರೆ ಸರಿ, ಹನಿಯಾಗಿಯೇ ನಿಂತರೆ ಜಿಡ್ಡು ಇನ್ನೂ ಇದೆ. ರಸಮಟ್ಟ ಇಟ್ಟು ನೋಡಿ ತಗ್ಗು ತುಂಬಿರಿ. ಹಿಂದಿನ ರಾತ್ರಿ ನೆಲ ನೆನೆಸಿ, ಬೆಳಿಗ್ಗೆ ನಿಂತ ನೀರನ್ನು ಒರೆಸಿರಿ. ಸಿಮೆಂಟು ಹಾಲು ಬಳಿದು, ಅದು ಒಣಗುವ ಮೊದಲೇ ಮೇಸ್ತ್ರಿ ಗಾರೆ ಹರಡಲಿ.

ಉಜ್ಜುವುದು, ತೊಳೆಯುವುದು, ನೆನೆಸುವುದು ಮನೆಯವರಿಂದಲೇ ಆಗುವ ಕೆಲಸ. ಕೂಲಿಯೂ ಉಳಿಯುತ್ತದೆ, ನೆಲವೂ ಉಳಿಯುತ್ತದೆ.