ಮೆದುಳಿನ ಚಿತ್ರಗಳಿಗೊಂದು ವಿಳಾಸ

ಭದ್ರಾವತಿಯವರಿಗೆ ಉಕ್ಕಿನ ಕಾರ್ಖಾನೆ ಹೊಸದಲ್ಲ. 1923ರಲ್ಲೇ ಇಲ್ಲಿ ಕಬ್ಬಿಣದ ತಯಾರಿಕೆ ಆರಂಭವಾಯಿತು. ಉಕ್ಕಿನ ಉದ್ಯಮದಲ್ಲಿ ಒಂದು ಕಟ್ಟುನಿಟ್ಟಾದ ಪದ್ಧತಿಯಿದೆ. ಕುಲುಮೆಯಲ್ಲಿ ಒಂದು ಸಲಕ್ಕೆ ಕರಗಿಸಿದ ಉಕ್ಕಿಗೆ ಒಂದು ಸಂಖ್ಯೆ ಕೊಡುತ್ತಾರೆ. ಅದಕ್ಕೆ ಹೀಟ್ ನಂಬರ್ ಎಂದು ಹೆಸರು. ಆ ಉಕ್ಕಿನಿಂದಾದ ತುಂಡುಗಳಿಗೂ ಅದರ ರಾಸಾಯನಿಕ ಪರೀಕ್ಷೆಯ ವರದಿಗೂ ಅದೇ ಸಂಖ್ಯೆ. ಸಂಖ್ಯೆ ಅಳಿಸಿಹೋದರೆ, ಉಕ್ಕು ಎಷ್ಟೇ ಉತ್ತಮವಾಗಿದ್ದರೂ ಯಾವ ವರದಿ ಯಾವ ತುಂಡಿನದು ಎಂದು ಹೇಳುವವರಿಲ್ಲ. ಇಂಥದೇ ಶಿಸ್ತು ಮೆದುಳಿನ ಚಿತ್ರಗಳಿಗೂ ಏಕೆ ಬೇಕು ಎಂಬುದನ್ನು ಇಂದು ನೋಡೋಣ.

ನಮ್ಮ ರಾಜ್ಯದ್ದೇ ಒಂದು ಉದಾಹರಣೆ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 2018ರಲ್ಲಿ ಒಂದು ಅಧ್ಯಯನ ಆರಂಭಿಸಿತು. 45 ವರ್ಷ ಮತ್ತು ಅದಕ್ಕೂ ಹೆಚ್ಚಿನ ವಯಸ್ಸಿನ ಸುಮಾರು 10,000 ಗ್ರಾಮಸ್ಥರನ್ನು ಹಲವು ವರ್ಷಗಳ ಕಾಲ ಮತ್ತೆ ಮತ್ತೆ ಪರೀಕ್ಷಿಸಿ, ವಯಸ್ಸಾದಂತೆ ನೆನಪಿನ ಶಕ್ತಿ ಹೇಗೆ ಬದಲಾಗುತ್ತದೆ, ಮರೆವಿನ ಕಾಯಿಲೆಗೆ ದಾರಿ ಯಾವುದು ಎಂದು ತಿಳಿಯುವುದು ಇದರ ಗುರಿ. ಆ ಪರೀಕ್ಷೆಗಳಲ್ಲಿ ಎಂ.ಆರ್.ಐ. ಚಿತ್ರಣವೂ ಒಂದು.

ಎಂ.ಆರ್.ಐ. ಎಂದರೆ ಒಂದೇ ಚಿತ್ರವಲ್ಲ. ಮೆದುಳಿನ ರಚನೆಯನ್ನು ತೋರಿಸುವ ಚಿತ್ರ ಒಂದು ಬಗೆ. ಕೆಲಸ ಮಾಡುತ್ತಿರುವ ಮೆದುಳಿನಲ್ಲಿ ರಕ್ತದ ಆಮ್ಲಜನಕದ ಏರಿಳಿತವನ್ನು ತೋರಿಸುವ ಚಿತ್ರಸರಣಿ ಇನ್ನೊಂದು ಬಗೆ. ನೀರಿನ ಅಣುಗಳ ಚಲನೆಯಿಂದ ನರತಂತುಗಳ ಹಾದಿಯನ್ನು ಊಹಿಸುವುದು ಮತ್ತೊಂದು ಬಗೆ. ಒಬ್ಬರಿಗೆ ಒಂದು ಭೇಟಿಯಲ್ಲಿ ಹತ್ತು ಕಡತಗಳು ಎಂದಿಟ್ಟುಕೊಳ್ಳಿ. ಒಂದು ಸಾವಿರ ಮಂದಿ ಮೂರು ಸಲ ಬಂದರೆ 30,000 ಕಡತಗಳು!

ಈ ಕಡತಗಳಲ್ಲಿ ಬಹುಪಾಲು ಒಂಟಿಯಾಗಿ ಬಾಳುವಂಥವಲ್ಲ. ನರತಂತುಗಳ ಚಿತ್ರವನ್ನೇ ನೋಡಿ. ಒಂದು ಕಡತದಲ್ಲಿ ಚಿತ್ರಗಳಿರುತ್ತವೆ. ಒಂದೊಂದು ಚಿತ್ರವನ್ನೂ ಯಾವ ದಿಕ್ಕಿನಲ್ಲಿ ಅಳೆಯಲಾಯಿತು ಎಂಬುದು ಎರಡನೆಯ ಕಡತದಲ್ಲಿ, ಎಷ್ಟು ತೀವ್ರತೆಯಲ್ಲಿ ಎಂಬುದು ಮೂರನೆಯದರಲ್ಲಿ, ಯಂತ್ರದ ಉಳಿದ ವಿವರಗಳು ನಾಲ್ಕನೆಯದರಲ್ಲಿ. ದಿಕ್ಕಿನ ಕಡತ ಕಳೆದುಹೋದರೆ ಚಿತ್ರ ಕಣ್ಣಿಗೆ ಕಾಣುತ್ತದೆ, ಆದರೆ ತಂತು ಎತ್ತ ಸಾಗಿದೆ ಎಂದು ಹೇಳಲಾಗದು. ಈ ನಾಲ್ಕೂ ಸೇರಿದರೆ ಒಂದು ಕಟ್ಟು. ಕಟ್ಟು ಬಿಚ್ಚಿಹೋಗದಂತೆ ಕಾಯುವುದೇ ಇಲ್ಲಿನ ಪ್ರಶ್ನೆ.

ಇದಕ್ಕೆ ಜಗತ್ತಿನ ಅನೇಕ ಪ್ರಯೋಗಾಲಯಗಳು ಒಪ್ಪಿಕೊಂಡಿರುವ ನಿಯಮಾವಳಿಯೊಂದಿದೆ. ಗೊರ್ಗೊಲೆವ್‌ಸ್ಕಿ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅದರ ಹೆಸರು ಬಿಡ್ಸ್. ಅದರ ತತ್ತ್ವ ಬಹು ಸರಳ. ಪ್ರತಿ ವ್ಯಕ್ತಿಗೆ ಒಂದು ಫೋಲ್ಡರ್. ಅದರೊಳಗೆ ಪ್ರತಿ ಭೇಟಿಗೆ ಒಂದು. ಅದರೊಳಗೆ ಪ್ರತಿ ಬಗೆಯ ಚಿತ್ರಕ್ಕೆ ಒಂದು. ಜಿಲ್ಲೆ, ತಾಲ್ಲೂಕು, ಊರು ಎಂದು ನಾವು ವಿಳಾಸ ಬರೆಯುವ ಹಾಗೆ. ಒಂದೇ ಫೋಲ್ಡರಿನಲ್ಲಿದ್ದು, ಕೊನೆಯ ವಿಸ್ತರಣಾಕ್ಷರಗಳನ್ನು ಬಿಟ್ಟು ಉಳಿದ ಹೆಸರೆಲ್ಲ ಒಂದೇ ಆಗಿರುವ ಕಡತಗಳು ಒಂದು ಕಟ್ಟಿಗೆ ಸೇರಿದವು ಎಂದು ಗಣಕಯಂತ್ರ ತಾನಾಗಿ ಗುರುತಿಸಬಲ್ಲದು.

ಫೋಲ್ಡರಿನಲ್ಲೇ ವಿಳಾಸವಿರುವಾಗ ಕಡತದ ಹೆಸರಿನಲ್ಲೂ ವ್ಯಕ್ತಿಯ ಸಂಖ್ಯೆ, ಭೇಟಿಯ ಸಂಖ್ಯೆ ಮತ್ತೆ ಏಕೆ ಎಂದು ನೀವು ಕೇಳಬಹುದು. ಕಾಗದ ಅಂಚೆಯ ಚೀಲದಿಂದ ಹೊರಗೆ ಬಿದ್ದರೂ ಅದರ ಮೇಲಿನ ವಿಳಾಸ ನೋಡಿ ಮನೆ ಮುಟ್ಟಿಸಬಹುದಲ್ಲವೇ? ಇದೂ ಹಾಗೆಯೇ.

ಇನ್ನೊಂದು ಸೊಗಸಾದ ನಿಯಮವಿದೆ. ಎಲ್ಲರಿಗೂ ಸಮಾನವಾದ ವಿವರವನ್ನು ಸಾವಿರ ಸಲ ಬರೆಯಬೇಕಿಲ್ಲ. ಮೇಲಿನ ಫೋಲ್ಡರಿನಲ್ಲಿ ಒಮ್ಮೆ ಬರೆದರೆ ಕೆಳಗಿನವುಗಳಿಗೆಲ್ಲ ಅನ್ವಯಿಸುತ್ತದೆ. ಒಳಗಿನ ಫೋಲ್ಡರಿನಲ್ಲಿ ಬೇರೆ ವಿವರವಿದ್ದರೆ ಅಲ್ಲಿ ಅದೇ ಪ್ರಮಾಣ. ಶಾಲೆಗೆಲ್ಲ ಮುಖ್ಯೋಪಾಧ್ಯಾಯರ ಸೂಚನೆ, ನಿಮ್ಮ ತರಗತಿಗೆ ಮಾತ್ರ ಬೇರೆ ವೇಳಾಪಟ್ಟಿ ಇದ್ದಂತೆ.

ಇದು ಬರೀ ಅಚ್ಚುಕಟ್ಟಿನ ಮಾತಲ್ಲ. ನೆನಪಿಗೆ ಆಧಾರವಾದ ಹಿಪೊಕ್ಯಾಂಪಸ್ ಎಂಬ ಭಾಗ ಮರೆವಿನ ಕಾಯಿಲೆಯಲ್ಲಿ ಕುಗ್ಗುತ್ತದೆ. ಮೊದಲ ಭೇಟಿಯ ಕಡತವೂ ಎರಡನೆಯ ಭೇಟಿಯ ಕಡತವೂ ಅದಲುಬದಲಾದರೆ ಕುಗ್ಗಿದ್ದು ಬೆಳೆದಂತೆ ಕಾಣುತ್ತದೆ. ಒಬ್ಬರ ಚಿತ್ರಕ್ಕೆ ಇನ್ನೊಬ್ಬರ ವಯಸ್ಸು ಅಂಟಿಕೊಂಡರೆ ಲೆಕ್ಕವೇ ಸುಳ್ಳಾಗುತ್ತದೆ. ಇಂಥ ತಪ್ಪು ಸದ್ದು ಮಾಡುವುದಿಲ್ಲ. ಉತ್ತರವಂತೂ ಬಂದೇ ಬರುತ್ತದೆ, ಆದರೆ ತಪ್ಪು ಉತ್ತರ.

ಜೊತೆಗೆ ಮಾನವೀಯ ಹೊಣೆಯೂ ಇದೆ. ಯಂತ್ರದಿಂದ ಬರುವ ಮೂಲ ಕಡತದಲ್ಲಿ ವ್ಯಕ್ತಿಯ ಹೆಸರು, ಹುಟ್ಟಿದ ದಿನ ಇರುವುದುಂಟು. ಹಂಚಿಕೊಳ್ಳುವ ಮುನ್ನ ಅವನ್ನು ತೆಗೆದು ಬರೀ ಸಂಖ್ಯೆ ಉಳಿಸಬೇಕು. ಗುರುತು ಸಿಗದಂತೆ ಮುಖದ ಭಾಗವನ್ನೂ ಅಳಿಸುತ್ತಾರೆ. ಗದ್ದಲದ ಯಂತ್ರದೊಳಗೆ ಅಲುಗಾಡದೆ ಮಲಗಿ ತಮ್ಮ ಮೆದುಳಿನ ಚಿತ್ರವನ್ನು ವಿಜ್ಞಾನಕ್ಕೆ ಕೊಟ್ಟ ರೈತರ, ಗೃಹಿಣಿಯರ ಉಪಕಾರವನ್ನು ಕಡತದ ಅವ್ಯವಸ್ಥೆಯಿಂದ ವ್ಯರ್ಥಗೊಳಿಸುವ ಹಕ್ಕು ಯಾರಿಗೂ ಇಲ್ಲ.

ಈ ಅಭ್ಯಾಸಕ್ಕೆ ಎಂ.ಆರ್.ಐ. ಯಂತ್ರವೇ ಬೇಕೆಂದಿಲ್ಲ. ಭದ್ರಾ ನದಿಯ ನೀರನ್ನು ನಾಲ್ಕು ಕಡೆ, ತಿಂಗಳಿಗೊಮ್ಮೆ ಪರೀಕ್ಷಿಸುತ್ತೀರಿ ಎಂದುಕೊಳ್ಳಿ. ಸ್ಥಳಕ್ಕೊಂದು ಫೋಲ್ಡರು, ಅದರೊಳಗೆ ತಿಂಗಳಿಗೊಂದು ಇರಲಿ. ಅಳತೆ, ಛಾಯಾಚಿತ್ರ, ಉಪಕರಣದ ವಿವರ, ಈ ಮೂರಕ್ಕೂ ಒಂದೇ ಹೆಸರಿಡಿ. ಮೂಲ ಅಳತೆಯನ್ನು ತಿದ್ದಬೇಡಿ. ಲೆಕ್ಕ ಹಾಕಿ ಪಡೆದ ಫಲಿತಾಂಶವನ್ನು ಬೇರೆ ಫೋಲ್ಡರಿನಲ್ಲಿಡಿ. ಹತ್ತು ವರ್ಷಗಳ ನಂತರ ನಿಮ್ಮ ಪರಿಚಯವೇ ಇಲ್ಲದ ವಿದ್ಯಾರ್ಥಿಯೊಬ್ಬರು ಅದನ್ನು ತೆರೆದು, ಯಾರನ್ನೂ ಕೇಳದೆ ಅರ್ಥಮಾಡಿಕೊಳ್ಳುವಂತಿದ್ದರೆ ನಿಮ್ಮ ಶ್ರಮ ಸಾರ್ಥಕ.