ಗಂಟಲಿನ ಕ್ಯಾನ್ಸರ್: ವಿಕಿರಣವೋ, ಶಸ್ತ್ರಕ್ರಿಯೆಯೋ?



ಮೂರು ವಾರ ಕಳೆದರೂ ಸರಿಹೋಗದ ಗೊಗ್ಗರು ಧ್ವನಿ, ನುಂಗುವಾಗ ನೋವು, ಕುತ್ತಿಗೆಯಲ್ಲಿ ಗಂಟು, ಇವು ಗಂಟಲಿನ ಕ್ಯಾನ್ಸರಿನ ಲಕ್ಷಣಗಳಾಗಿರಬಹುದು. ಬೀಡಿ, ಸಿಗರೇಟು, ಮದ್ಯಪಾನಗಳೇ ಇದರ ಮುಖ್ಯ ಕಾರಣಗಳು. ಧ್ವನಿಪೆಟ್ಟಿಗೆಯಲ್ಲಿ ರೋಗ ಬಲಿತಿದೆಯೆಂದು ತಿಳಿದಾಗ ಮನೆಯಲ್ಲಿ ಏಳುವ ಪ್ರಶ್ನೆ ಒಂದೇ: "ಕರೆಂಟು ಕೊಡಿಸುವುದೋ, ಆಪರೇಷನ್ ಮಾಡಿಸುವುದೋ?"

ಶಸ್ತ್ರಕ್ರಿಯೆಯಲ್ಲಿ ಧ್ವನಿಪೆಟ್ಟಿಗೆಯನ್ನು ಪೂರ್ಣವಾಗಿ ತೆಗೆದು, ಉಸಿರಾಟಕ್ಕಾಗಿ ಕುತ್ತಿಗೆಯಲ್ಲಿ ಶಾಶ್ವತ ರಂಧ್ರವನ್ನು ಮಾಡುವರು. ಅದರೊಳಗೆ ನೀರು, ಧೂಳು ಹೋಗದಂತೆ ಕಾಯಬೇಕು. ಕೆರೆ ಬಾವಿಗಳಲ್ಲಿ ಈಜಲಾಗದು. ಸಹಜ ಧ್ವನಿ ಹೋದರೂ ಮಾತು ಮುಗಿಯಿತೆಂದಲ್ಲ. ಚಿಕ್ಕ ಕವಾಟ ಅಥವಾ ಕೈಯಂತ್ರದ ನೆರವಿನಿಂದ ಪುನಃ ಮಾತು ಕಲಿಯಬಹುದು. ಕತ್ತಿ ತಾಗಿದರೆ ರೋಗ ಹರಡುವುದೆಂಬ ಮಾತು ನಿರಾಧಾರ.

ವಿಕಿರಣವನ್ನು ವಾರಕ್ಕೆ 5 ದಿನಗಳಂತೆ 6ರಿಂದ 7 ವಾರ ಕೊಡುವರು. ಶರೀರದಲ್ಲಿ ಶಕ್ತಿಯಿದ್ದವರಿಗೆ ಜೊತೆಯಲ್ಲಿಯೇ ಔಷಧಿಯನ್ನು ರಕ್ತನಾಳದ ಮೂಲಕ ನೀಡುವರು. ಇದರಿಂದ ಧ್ವನಿಪೆಟ್ಟಿಗೆ ಉಳಿಯುವ ಸಂಭವ ಹೆಚ್ಚು. ಆದರೆ ಬಾಯಿಹುಣ್ಣು, ಜೊಲ್ಲು ಬತ್ತುವುದು, ನುಂಗಲು ಕಷ್ಟವಾಗುವುದು ಉಂಟು. ಸುಗ್ಗಿಯ ಕೆಲಸಕ್ಕೆಂದು ಚಿಕಿತ್ಸೆಯನ್ನು ನಡುವೆ ಬಿಟ್ಟರೆ ಫಲ ಕುಂದುವುದು. ಬೀಡಿ ಸೇದುತ್ತಲೇ ಇದ್ದರೂ ಹಾಗೆಯೇ.

ಇವೆರಡರಲ್ಲಿ ಯಾವುದು ಮೇಲು? ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಬಲಿತ ರೋಗವಿದ್ದ 332 ಜನರನ್ನು ಎರಡು ಗುಂಪು ಮಾಡಿ ನಡೆಸಿದ ಅಧ್ಯಯನವು 1991ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಶಸ್ತ್ರಕ್ರಿಯೆ ಮಾಡಿ ವಿಕಿರಣ ಕೊಟ್ಟರು. ಇನ್ನೊಂದಕ್ಕೆ ಔಷಧಿ ಕೊಟ್ಟು ವಿಕಿರಣ ನೀಡಿದರು. ಎರಡು ವರ್ಷಗಳ ಬಳಿಕ ಎರಡರಲ್ಲಿಯೂ ನೂರಕ್ಕೆ 68 ಜನ ಬದುಕಿದ್ದರು. ಎರಡನೆಯ ಗುಂಪಿನಲ್ಲಿ ನೂರಕ್ಕೆ 64 ಜನರ ಧ್ವನಿಪೆಟ್ಟಿಗೆ ಉಳಿದಿತ್ತು.

ಹಾಗೆಂದು ಎಲ್ಲರಿಗೂ ವಿಕಿರಣವೇ ಸಾಕೆಂದು ತಿಳಿಯಬಾರದು. ಗಡ್ಡೆಯು ಧ್ವನಿಪೆಟ್ಟಿಗೆಯ ಮೃದ್ವಸ್ಥಿಯನ್ನು ಭೇದಿಸಿ ಹೊರಬಂದಿದ್ದರೆ ಸಾಮಾನ್ಯವಾಗಿ ಶಸ್ತ್ರಕ್ರಿಯೆಯೇ ಲೇಸು; ಆ ಮೇಲೆ ವಿಕಿರಣವೂ ಬೇಕಾಗಬಹುದು. ವಿಕಿರಣದ ನಂತರ ರೋಗ ಮರುಕಳಿಸಿದರೆ ಶಸ್ತ್ರಕ್ರಿಯೆಯ ದಾರಿ ಅನೇಕರಿಗೆ ತೆರೆದೇ ಇರುವುದು. ಆದುದರಿಂದ ಕ್ರಮವಾಗಿ ತಪಾಸಣೆಗೆ ಹೋಗುವುದು ಅಗತ್ಯ.

ಪತಿಪತ್ನಿಯರು ಇಬ್ಬರೂ ಕೂಡಿ ವೈದ್ಯರ ಬಳಿಗೆ ಹೋಗಿರಿ. ರೋಗ ಎಲ್ಲಿಯವರೆಗೆ ಹಬ್ಬಿದೆ, ಊಟ ಮಾತುಗಳು ಮುಂದೆ ಹೇಗೆ, ಎಷ್ಟು ದಿನ ಊರು ಬಿಟ್ಟಿರಬೇಕು ಎಂದು ಕೇಳಿ ತಿಳಿಯಿರಿ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ಎರಡೂ ಚಿಕಿತ್ಸೆಗಳುಂಟು. ಹೋಗುವಾಗ ಪಡಿತರ ಚೀಟಿಯನ್ನು ಮರೆಯದಿರಿ.

ಧ್ವನಿ ಹೋದೀತೆಂಬ ಭಯದಿಂದ ತಿಂಗಳುಗಳನ್ನು ಕಳೆದರೆ ಧ್ವನಿಯೂ ಉಳಿಯದು, ಪ್ರಾಣವೂ ಉಳಿಯದು. ಬೇಗ ಬನ್ನಿರಿ.